ಎರಡನೇ ವಕೀಲರು ಯಾಕೆ ಬೇಕು?

ಇಂಗ್ಲೆಂಡಿನಲ್ಲಿ ಒಬ್ಬರ ಮೇಲೆ ದೊಡ್ಡ ಕ್ರಿಮಿನಲ್ ಕೇಸ್ ಬಿದ್ದರೆ ಅವರಿಗೆ ಒಬ್ಬರಲ್ಲ, ಇಬ್ಬರು ವಕೀಲರು. ಒಬ್ಬರು ಸಾಲಿಸಿಟರ್, ಇನ್ನೊಬ್ಬರು ಬ್ಯಾರಿಸ್ಟರ್. ಸಾಲಿಸಿಟರ್ ಪೊಲೀಸ್ ಠಾಣೆಗೆ ಬರುತ್ತಾರೆ. ಕಕ್ಷಿದಾರರ ಜೊತೆ ಕೂತು ಮಾತಾಡುತ್ತಾರೆ, ಕಾಗದಪತ್ರ ಸೇರಿಸುತ್ತಾರೆ, ಸಾಕ್ಷಿ ಹುಡುಕುತ್ತಾರೆ. ಬ್ಯಾರಿಸ್ಟರ್ ದೊಡ್ಡ ಕೇಸುಗಳು ನಡೆಯುವ ಕ್ರೌನ್ ಕೋರ್ಟಿನಲ್ಲಿ ಎದ್ದು ನಿಂತು ಪಾಟೀಸವಾಲು ಮಾಡುತ್ತಾರೆ, ಜ್ಯೂರಿಯ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ತಂಡದ ಮುಂದೆ ವಾದ ಮಂಡಿಸುತ್ತಾರೆ. ಗಾಂಧೀಜಿ, ನೆಹರು, ಅಂಬೇಡ್ಕರ್ ಲಂಡನ್ನಿಗೆ ಹೋಗಿ ಓದಿ ಬಂದದ್ದು ಈ ಎರಡನೇ ಕೆಲಸಕ್ಕೆ.

ನಮ್ಮಲ್ಲಿ ಈ ಭೇದ ಇಲ್ಲ. 1961ರ ವಕೀಲರ ಕಾಯ್ದೆ ಎಲ್ಲರನ್ನೂ ಅಡ್ವೊಕೇಟ್ ಅಂತ ಒಂದೇ ಸಾಲಿಗೆ ತಂದಿತು. ಬಾಂಬೆ, ಕಲ್ಕತ್ತಾ ಹೈಕೋರ್ಟುಗಳ ಒಂದು ವಿಭಾಗದಲ್ಲಿ ಮಾತ್ರ ಉಳಿದುಕೊಂಡಿದ್ದ ಹಳೇ ಪದ್ಧತಿ 1970ರ ದಶಕದಲ್ಲಿ ಹೋಯಿತು. ಹಾಸನದ ಕೋರ್ಟಿನಲ್ಲಿ ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಬೆಳಿಗ್ಗೆ ಆರೋಪಿಯ ತಾಯಿಗೆ ಸಮಾಧಾನ ಹೇಳಿ, ವಕಾಲತ್ತಿಗೆ ಸಹಿ ಹಾಕಿಸಿ, ಮಧ್ಯಾಹ್ನ ತನಿಖಾಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸುತ್ತಿದ್ದರು. ಹಾಗಾಗಿ ಇಂಗ್ಲೆಂಡಿಗೆ ಬಂದು, ಅದರ ನಡುಭಾಗದ ಮಿಡ್‌ಲ್ಯಾಂಡ್ಸ್‌ನ ಒಂದು ಕ್ರಿಮಿನಲ್ ಸಾಲಿಸಿಟರ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಎದುರಾದ ಮೊದಲ ಪ್ರಶ್ನೆ ಇದೇ. ಒಂದು ಕೇಸಿಗೆ ಇಬ್ಬರು ಯಾಕೆ?

ಅದಕ್ಕೆ ಉತ್ತರ ಸಿಕ್ಕಿದ್ದು ಕೆಲಸದಲ್ಲೇ. ಆದರೆ ಉತ್ತರ ಅರ್ಥವಾಗುವ ಹೊತ್ತಿಗೆ ಆ ಎರಡನೇ ವಕೀಲರೇ ಕಡಿಮೆಯಾಗುತ್ತಿರುವುದೂ ಕಾಣತೊಡಗಿತು. ಅದರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಯಾರನ್ನಾದರೂ ಬಂಧಿಸಿದರೆ ಠಾಣೆಯಲ್ಲೇ ಅವರಿಗೆ ಉಚಿತವಾಗಿ ವಕೀಲರ ಸಲಹೆ ಸಿಗುತ್ತದೆ. ಹಗಲಿರಲಿ ರಾತ್ರಿಯಿರಲಿ, ಡ್ಯೂಟಿ ಸಾಲಿಸಿಟರ್‌ಗೆ ಫೋನ್ ಹೋಗುತ್ತದೆ. ಪೊಲೀಸರ ವಿಚಾರಣೆ ಟೇಪ್ ಆಗುತ್ತದೆ, ಪಕ್ಕದಲ್ಲಿ ನಮ್ಮವರು ಕೂತಿರುತ್ತಾರೆ. ಆರೋಪ ಹೊರಿಸಿದ ಮೇಲೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟು. ಶೇಕಡಾ 90ಕ್ಕಿಂತ ಜಾಸ್ತಿ ಕೇಸುಗಳು ಅಲ್ಲೇ ಮುಗಿಯುತ್ತವೆ. ಅಲ್ಲಿ ವಾದಿಸುವ ಹಕ್ಕು ಸಾಲಿಸಿಟರ್‌ಗಳಿಗೆ ಮೊದಲಿನಿಂದಲೂ ಇದೆ. ಕೊಲೆ, ಅತ್ಯಾಚಾರ, ದರೋಡೆ, ದೊಡ್ಡ ಹೊಡೆದಾಟದಂಥ ಕೇಸುಗಳು ಕ್ರೌನ್ ಕೋರ್ಟಿಗೆ ಹೋಗುತ್ತವೆ. ಆಗ ನಾವು ಕಡತವನ್ನೆಲ್ಲ ಜೋಡಿಸಿ, ಏನು ಕೇಸು, ಕಕ್ಷಿದಾರ ಏನು ಹೇಳುತ್ತಾನೆ ಅಂತ ಬರೆದು ಒಬ್ಬ ಬ್ಯಾರಿಸ್ಟರ್‌ಗೆ ಕಳಿಸುತ್ತೇವೆ. ಅದನ್ನೇ ಬ್ರೀಫ್ ಅನ್ನುತ್ತಾರೆ.

ಬ್ಯಾರಿಸ್ಟರ್ ಯಾರ ಕೈಕೆಳಗಿನ ನೌಕರರೂ ಅಲ್ಲ. ಚೇಂಬರ್ಸ್ ಅನ್ನುವ ಕಡೆ ಹಲವರು ಸೇರಿ ಬಾಡಿಗೆ, ಕ್ಲರ್ಕುಗಳ ಸಂಬಳ ಹಂಚಿಕೊಳ್ಳುತ್ತಾರೆ. ಸಂಪಾದನೆ ಮಾತ್ರ ಅವರವರದ್ದೇ. ಇವತ್ತು ನಮ್ಮ ಕಕ್ಷಿದಾರನ ಪರ, ಮುಂದಿನ ತಿಂಗಳು ಇನ್ನೊಂದು ಕೇಸಿನಲ್ಲಿ ಸರ್ಕಾರದ ಪರ. ಎರಡೂ ಕಡೆ ನಿಂತು ಅಭ್ಯಾಸವಾದವರು ಕಡತ ಓದುವ ರೀತಿಯೇ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನವೆಂಬರ್ ತಿಂಗಳ ಒಂದು ರಾತ್ರಿ ಬೀದಿಯಲ್ಲಿ ಹೊಡೆದಾಟ. ಅಂಗಡಿಯೊಂದರ ಸಿಸಿಟಿವಿಯಲ್ಲಿ ಸಮಯ 10:40, ಮುಖ ಮಸುಕು. ಹೊಡೆದವನು ಇವನೇ ಅಂತ ಒಬ್ಬ ಸಾಕ್ಷಿ. 10:40ಕ್ಕೆ ಎಲ್ಲಿದ್ದೆ ಅಂದರೆ ಹುಡುಗನ ಹತ್ತಿರ ಪುರಾವೆ ಇಲ್ಲ. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ ಅನ್ನುವ ಲೆಕ್ಕ ಅವನ ತಲೆಯಲ್ಲಿ ಆಗಲೇ ಓಡುತ್ತಿತ್ತು. ಬ್ಯಾರಿಸ್ಟರ್ ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಿಂದಿನ ರಾತ್ರಿ ಕಡತ ಓದಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಅಂಗಡಿಯವರು ಗಡಿಯಾರ ತಿರುಗಿಸಿದ್ದರಾ? ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಎಲ್ಲ ಗಡಿಯಾರಗಳನ್ನೂ ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ವಿಚಾರಿಸಿದರೆ ಅಂಗಡಿಯ ಕ್ಯಾಮೆರಾದಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಅಂದರೆ ಹೊಡೆದಾಟ ನಡೆದದ್ದು 9:40ಕ್ಕೆ. ಆಗ ಹುಡುಗ ಊರಿನ ಇನ್ನೊಂದು ತುದಿಯಲ್ಲಿ ಬಸ್ ಹತ್ತಿದ್ದ, ಬಸ್ ಕಾರ್ಡಿನಲ್ಲಿ ದಾಖಲೆ ಇತ್ತು.

ಪೊಲೀಸರು ಅದನ್ನು ನೋಡಿರಲಿಲ್ಲ. ಕೇಸನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದ್ದ ಸಾಲಿಸಿಟರ್ ಕಣ್ಣಿಗೂ ಬಿದ್ದಿರಲಿಲ್ಲ. ಅವರು ದಡ್ಡರಲ್ಲ, ನಾನು ಕಂಡ ಒಳ್ಳೆಯ ವಕೀಲರಲ್ಲಿ ಒಬ್ಬರು. ಆದರೆ ಮೊದಲ ರಾತ್ರಿ ಠಾಣೆಯಲ್ಲಿ ಕಟ್ಟಿಕೊಂಡ ಕತೆಯ ಒಳಗೇ ಇದ್ದುಬಿಟ್ಟರೆ ಅದರ ಹೊರಗಿನದು ಕಾಣುವುದು ಕಷ್ಟ. ಹೊಸಬರ ಕಣ್ಣು ಬೇಕಾಗುವುದು ಅದಕ್ಕೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1990ರವರೆಗೆ ಕ್ರೌನ್ ಕೋರ್ಟಿನ ವಾದ ಹೆಚ್ಚುಕಮ್ಮಿ ಬ್ಯಾರಿಸ್ಟರ್‌ಗಳ ಸ್ವತ್ತು. ಆ ವರ್ಷ ಬಂದ ಕೋರ್ಟ್ಸ್ ಅಂಡ್ ಲೀಗಲ್ ಸರ್ವೀಸಸ್ ಆ್ಯಕ್ಟ್ ಸಾಲಿಸಿಟರ್‌ಗಳಿಗೂ ಮೇಲಿನ ಕೋರ್ಟುಗಳ ಬಾಗಿಲು ತೆರೆಯಿತು. ಲಾರ್ಡ್ ಮಕೈ ಆಗ ಲಾರ್ಡ್ ಚಾನ್ಸಲರ್, ಅಂದರೆ ಕೋರ್ಟುಗಳ ಹೊಣೆ ಹೊತ್ತ ಸಚಿವ. 1999ರ ಇನ್ನೊಂದು ಕಾಯ್ದೆ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. 2008ರಿಂದ ಅವರೂ ಕೋರ್ಟಿನಲ್ಲಿ ವಿಗ್ ಹಾಕಿಕೊಳ್ಳಬಹುದು ಅಂತ ಆಯಿತು. ಜ್ಯೂರಿಯಲ್ಲಿ ಕೂತವರಿಗೆ ಈಗ ಯಾರು ಯಾವ ಬಗೆಯ ವಕೀಲರು ಅಂತ ಗೊತ್ತೇ ಆಗುವುದಿಲ್ಲ.

ಈ ಬದಲಾವಣೆಯ ಹಿಂದಿನ ವಾದ ನ್ಯಾಯವಾದದ್ದೇ. ಯೋಗ್ಯತೆ ಇದ್ದವರು ಯಾರೇ ಆದರೂ ವಾದಿಸಲಿ, ಒಂದು ಗುಂಪಿಗೆ ಮಾತ್ರ ಯಾಕೆ ಮೀಸಲು? ಅದರಲ್ಲೂ ಬ್ಯಾರಿಸ್ಟರ್ ಲೋಕ ತುಂಬಾ ಕಾಲ ದುಡ್ಡಿದ್ದವರ, ಒಳ್ಳೊಳ್ಳೆ ಶಾಲೆಯಲ್ಲಿ ಓದಿದವರ ಲೋಕವಾಗಿತ್ತು. ಸಾಮಾನ್ಯ ಮನೆಯಿಂದ ಬಂದ ಎಷ್ಟೋ ಪ್ರತಿಭಾವಂತರು ಸಾಲಿಸಿಟರ್ ಆಗಿ, ಆಮೇಲೆ ವಾದದ ಹಕ್ಕು ಪಡೆದು ಬೆಳೆದಿದ್ದಾರೆ. ಇಂಥವರಿಗೆ ಸಾಲಿಸಿಟರ್ ಅಡ್ವೊಕೇಟ್ ಅಂತ ಹೆಸರು. ಕೊಲೆ ಕೇಸುಗಳನ್ನು ಅದ್ಭುತವಾಗಿ ನಡೆಸುವ ಸಾಲಿಸಿಟರ್ ಅಡ್ವೊಕೇಟ್‌ಗಳನ್ನು ನಾನೇ ನೋಡಿದ್ದೇನೆ. ಅವರ ಮುಂದೆ ಯಾವ ಬ್ಯಾರಿಸ್ಟರ್ ನಿಂತರೂ ಎಚ್ಚರವಾಗಿರಬೇಕು.

ಸಮಸ್ಯೆ ಬಂದದ್ದು ಹಕ್ಕಿನಿಂದಲ್ಲ, ಹಣದಿಂದ.

ಇಲ್ಲಿ ಕ್ರೌನ್ ಕೋರ್ಟಿನ ಬಹುತೇಕ ಆರೋಪಿಗಳ ಖರ್ಚು ಲೀಗಲ್ ಏಡ್‌ನಿಂದ, ಅಂದರೆ ಸರ್ಕಾರದ ಹಣದಿಂದ ಬರುತ್ತದೆ. ಕೇಸು ತಯಾರಿ ಮಾಡಿದ್ದಕ್ಕೆ ಒಂದು ಫೀಸು, ಕೋರ್ಟಿನಲ್ಲಿ ವಾದಿಸಿದ್ದಕ್ಕೆ ಇನ್ನೊಂದು. ತಯಾರಿಯ ಫೀಸು ವರ್ಷದಿಂದ ವರ್ಷಕ್ಕೆ ಬೆಲೆಯೇರಿಕೆಯ ಹಿಂದೆ ಬಿತ್ತು. 2014ರಲ್ಲಂತೂ ಸರ್ಕಾರ ಸಾಲಿಸಿಟರ್‌ಗಳ ಫೀಸಿನಲ್ಲಿ ಶೇಕಡಾ 8.75 ಕಡಿತ ಮಾಡಿತು. ಕಚೇರಿ ಬಾಡಿಗೆ ಕಟ್ಟಬೇಕು, ಸಂಬಳ ಕೊಡಬೇಕು. ಆಗ ಯಜಮಾನರ ಕಣ್ಣು ವಾದದ ಫೀಸಿನ ಮೇಲೆ ಬೀಳದೆ ಇರುತ್ತದಾ? ಹೊರಗಿನ ಬ್ಯಾರಿಸ್ಟರ್‌ಗೆ ಕೊಡುವ ಬದಲು ನಮ್ಮ ಕಚೇರಿಯಲ್ಲೇ ಒಬ್ಬರನ್ನು ಸಂಬಳಕ್ಕಿಟ್ಟು ವಾದ ಮಾಡಿಸಿದರೆ ಎರಡೂ ಫೀಸು ಮನೆಯಲ್ಲೇ ಉಳಿಯಿತು. ಬದುಕಲು ಅದು ಬೇಕೇಬೇಕು ಅಂದ ಯಜಮಾನರನ್ನು ನಾನು ದೂರುವುದಿಲ್ಲ.

2014ರಲ್ಲಿ ನಿವೃತ್ತ ಹಿರಿಯ ಅಧಿಕಾರಿ ಸರ್ ಬಿಲ್ ಜೆಫ್ರಿ ಕ್ರಿಮಿನಲ್ ಕೋರ್ಟುಗಳ ವಾದದ ಬಗ್ಗೆ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಲೀಗಲ್ ಏಡ್ ಕೇಸುಗಳ ಲೆಕ್ಕ ಅದರಲ್ಲಿದೆ. 2005-06ರಲ್ಲಿ ವಿಚಾರಣೆಗೆ ಹೋದ ಕೇಸುಗಳಲ್ಲಿ ಸಾಲಿಸಿಟರ್ ಅಡ್ವೊಕೇಟ್‌ಗಳು ಆರೋಪಿಯ ಪರ ನಿಂತದ್ದು ಶೇಕಡಾ 4ರಲ್ಲಿ ಮಾತ್ರ. 2012-13ರ ಹೊತ್ತಿಗೆ ಅದು ಶೇಕಡಾ 24. ತಪ್ಪೊಪ್ಪಿಗೆಯ ಕೇಸುಗಳಲ್ಲಿ ಶೇಕಡಾ 6 ಇದ್ದದ್ದು ಶೇಕಡಾ 40ಕ್ಕೆ ಏರಿತು. ಏಳು ವರ್ಷದಲ್ಲಿ ಇಷ್ಟು. ಅದೇ ವರದಿ ತರಬೇತಿಯ ಅಂತರವನ್ನೂ ತೋರಿಸಿತು. ವಾದ ಮಾಡುವ ಕಲೆಯಲ್ಲಿ ಬ್ಯಾರಿಸ್ಟರ್ ಆಗುವವರಿಗೆ 120 ದಿನಗಳ ತರಬೇತಿ. ಸಾಲಿಸಿಟರ್ ಒಬ್ಬರು 22 ಗಂಟೆಗಳಷ್ಟೇ ತರಬೇತಿ ಪಡೆದು ಕ್ರೌನ್ ಕೋರ್ಟಿನಲ್ಲಿ ನಿಲ್ಲಬಹುದಿತ್ತು. ಎಲ್ಲ ವಕೀಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ತಂದ ಯೋಜನೆಯೊಂದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2015ರಲ್ಲಿ ಗೆದ್ದಿತು. ಎರಡು ವರ್ಷದ ಮೇಲೆ ಅದನ್ನೇ ಕೈಬಿಟ್ಟರು.

ತಪ್ಪೊಪ್ಪಿಗೆಯ ಕೇಸು ಹೋದರೆ ಬ್ಯಾರಿಸ್ಟರ್‌ಗಳಿಗೆ ಏನು ನಷ್ಟ, ದೊಡ್ಡ ಕೇಸು ಅವರ ಕೈಯಲ್ಲೇ ಇದೆಯಲ್ಲ ಅನ್ನಬಹುದು. ನನ್ನ ಮಟ್ಟಿಗೆ ಇಡೀ ವಿಷಯದ ಬುಡ ಇರುವುದೇ ಇಲ್ಲಿ. ತಪ್ಪೊಪ್ಪಿಗೆ, ಶಿಕ್ಷೆಯ ಹಿಯರಿಂಗ್, ಸಣ್ಣ ಕಳ್ಳತನ, ಎರಡು ದಿನದ ವಿಚಾರಣೆ, ಇವೇ ಎಳೆಯ ಬ್ಯಾರಿಸ್ಟರ್‌ಗಳು ಕಲಿಯುತ್ತಿದ್ದ ಪಾಠಶಾಲೆ. ಕಚೇರಿಗಳು ಮನೆಯಲ್ಲೇ ಉಳಿಸಿಕೊಂಡದ್ದು ಸರಿಯಾಗಿ ಈ ಕೆಲಸವನ್ನೇ. ಯಾಕೆಂದರೆ ಸಮಯ ಕಡಿಮೆ ಹಿಡಿಯುತ್ತದೆ, ಫೀಸು ಬೇಗ ಬರುತ್ತದೆ. ಹಿಂದೆ ಬ್ಯಾರಿಸ್ಟರ್‌ಗಳು ಇಂಥ ಸುಲಭ ಕೇಸುಗಳ ದುಡ್ಡಿನಲ್ಲೇ ಕಷ್ಟದ ಕೇಸುಗಳ ನಷ್ಟ ತುಂಬಿಸಿಕೊಳ್ಳುತ್ತಿದ್ದರು. ಕೆನೆ ಹೋಯಿತು, ಹಾಲು ತೆಳುವಾಯಿತು.

ಹೊಸ ಬ್ಯಾರಿಸ್ಟರ್ ಒಬ್ಬರ ದಿನ ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡುತ್ತೇನೆ. ಕೋರ್ಟಿನಲ್ಲಿ ಅವರ ಹಿಂದೆ ಕೂತು ನೋಟ್ಸ್ ಬರೆಯುವುದು ನನ್ನ ಕೆಲಸದ ಭಾಗ. ನಾಳೆಯ ಲಿಸ್ಟ್ ಬರುವುದು ಇವತ್ತು ಸಂಜೆ. ಯಾರೋ ಸೀನಿಯರ್ ಬರಲಾಗದ ಕೇಸು ರಾತ್ರಿ ಇವರ ಕೈಗೆ ಬರುತ್ತದೆ. ಅರ್ಧ ರಾತ್ರಿಯವರೆಗೆ ಓದು. ಬೆಳಿಗ್ಗೆ ಬೇಗ ರೈಲು. ಕೋರ್ಟಿಗೆ ಹೋದರೆ ಆರೋಪಿಯನ್ನು ಜೈಲಿನಿಂದ ಕರೆತರುವ ವ್ಯಾನ್ ಇನ್ನೂ ಬಂದಿಲ್ಲ. ಅಥವಾ ಕೇಸು 'ಫ್ಲೋಟರ್', ಅಂದರೆ ಯಾವುದಾದರೂ ಕೋರ್ಟ್ ಹಾಲ್ ಖಾಲಿಯಾದರೆ ಮಾತ್ರ ನಡೆಯುತ್ತದೆ. ಸಂಜೆ ನಾಲ್ಕರವರೆಗೆ ಕಾದು, ಆಗಲಿಲ್ಲ ಅಂತ ಮುಂದಿನ ವರ್ಷದ ದಿನಾಂಕ ಬರೆದುಕೊಂಡು ವಾಪಸ್. ರಾತ್ರಿ ಓದಿದ್ದಕ್ಕೆ ಪ್ರತ್ಯೇಕ ಫೀಸು ಇಲ್ಲ.

ಮಾಜಿ ನ್ಯಾಯಾಧೀಶ ಸರ್ ಕ್ರಿಸ್ಟೋಫರ್ ಬೆಲಾಮಿ 2021ರ ಕೊನೆಯಲ್ಲಿ ಕ್ರಿಮಿನಲ್ ಲೀಗಲ್ ಏಡ್ ಬಗ್ಗೆ ಕೊಟ್ಟ ವರದಿಯ ಆಧಾರದ ಮೇಲೆ ಬ್ಯಾರಿಸ್ಟರ್‌ಗಳ ಸಂಘ ಒಂದು ಲೆಕ್ಕ ಮುಂದಿಟ್ಟಿತು. ಮೊದಲ ಮೂರು ವರ್ಷದ ಕ್ರಿಮಿನಲ್ ಬ್ಯಾರಿಸ್ಟರ್‌ಗೆ ಖರ್ಚು ಕಳೆದು ವರ್ಷಕ್ಕೆ ಉಳಿಯುತ್ತಿದ್ದದ್ದು ಸುಮಾರು 12,200 ಪೌಂಡ್. ಬ್ಯಾರಿಸ್ಟರ್ ಅಂದರೆ ಶ್ರೀಮಂತರು ಅಂತ ಊರಿನಲ್ಲಿ ನಮಗಿರುವ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಲ್ವಾ? ವ್ಯಾಪಾರದ ಕೇಸು ನಡೆಸುವ ಬ್ಯಾರಿಸ್ಟರ್‌ಗಳು ಶ್ರೀಮಂತರು, ನಿಜ. ಬಡವರ ಕ್ರಿಮಿನಲ್ ಕೇಸು ನಡೆಸುವವರು ಬೇರೆ.

2022ರಲ್ಲಿ ಅವರು ಫೀಸು ಹೆಚ್ಚಿಸಿ ಅಂತ ಬೀದಿಗಿಳಿದರು. ಏಪ್ರಿಲ್‌ನಲ್ಲಿ ಮೊದಲು, ಬೇರೆಯವರು ಬಿಟ್ಟ ಕೇಸು ತೆಗೆದುಕೊಳ್ಳುವುದಿಲ್ಲ ಅಂದರು. ಜೂನ್ ಕೊನೆಯಿಂದ ದಿನಗಳ ಲೆಕ್ಕದಲ್ಲಿ ಕೋರ್ಟಿನಿಂದ ಹೊರಗೆ. ಸೆಪ್ಟೆಂಬರ್ 5ರಿಂದ ಅನಿರ್ದಿಷ್ಟ ಮುಷ್ಕರ. ಕಪ್ಪು ನಿಲುವಂಗಿ, ವಿಗ್ ಹಾಕಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ನಿಂತವರಲ್ಲಿ ಎಷ್ಟೋ ಜನ ನನಗೆ ಪರಿಚಿತರು. ಅಕ್ಟೋಬರ್‌ನಲ್ಲಿ ಶೇಕಡಾ 15 ಏರಿಕೆ, ಅದೂ ನಡೆಯುತ್ತಿರುವ ಬಹುಪಾಲು ಕೇಸುಗಳಿಗೂ ಸೇರಿಸಿ, ಅಂತ ಒಪ್ಪಂದವಾಯಿತು. ಒಪ್ಪಿದವರು ಶೇಕಡಾ 57 ಮಾತ್ರ. ಉಳಿದವರಿಗೆ ಅದು ಸಾಲದು ಅನ್ನಿಸಿತ್ತು.

ಸಾಲಿಸಿಟರ್‌ಗಳಿಗೆ ಆ ಶೇಕಡಾ 15 ಕೂಡ ಆಗ ಸಿಗಲಿಲ್ಲ. ಬೆಲಾಮಿ ವರದಿ ಕನಿಷ್ಠ ಅಷ್ಟಾದರೂ ಕೊಡಬೇಕು ಅಂದಿತ್ತು, ಸರ್ಕಾರ ಕಡಿಮೆ ಕೊಟ್ಟಿತು. ಅವರ ಸಂಘವಾದ ಲಾ ಸೊಸೈಟಿ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಹೈಕೋರ್ಟು ಸರ್ಕಾರದ ತೀರ್ಮಾನದ ರೀತಿ ವಿವೇಚನೆಗೆ ನಿಲ್ಲುವಂಥದ್ದಲ್ಲ ಅಂತ ತೀರ್ಪು ಕೊಟ್ಟಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬ್ಯಾರಿಸ್ಟರ್‌ಗಳ ಕಷ್ಟವನ್ನು ಸಾಲಿಸಿಟರ್‌ಗಳ ದುರಾಸೆಯ ಫಲ ಅಂತ ಹೇಳುವವರು ಜಾಸ್ತಿ ಇದ್ದಾರೆ. ರಾತ್ರಿ ಎರಡು ಗಂಟೆಗೆ ಠಾಣೆಗೆ ಓಡುವವರನ್ನು ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಲಾ ಸೊಸೈಟಿಯೇ 2018ರಲ್ಲಿ ತೋರಿಸಿದ ಹಾಗೆ ಡ್ಯೂಟಿ ಸಾಲಿಸಿಟರ್‌ಗಳ ಸರಾಸರಿ ವಯಸ್ಸು ಆಗಲೇ 47 ಆಗಿತ್ತು. ಕೆಲವು ಕೌಂಟಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 50 ದಾಟಿದವರು. ಹೊಸ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ಒಂದೇ ಸಣ್ಣ ತಟ್ಟೆ ಮುಂದಿಟ್ಟು ಇಬ್ಬರಿಗೂ ಹಂಚಿಕೊಳ್ಳಿ ಅಂದದ್ದು ಸರ್ಕಾರ. ಜಗಳ ಮಾತ್ರ ಹಸಿದವರ ನಡುವೆ.

ಹಣದ ಮಾತು ಹೀಗಾಯಿತು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ವಿಷಯ, ತಪ್ಪೊಪ್ಪಿಕೋ ಅಂತ ಸಲಹೆ ಕೊಡುವ ಗಳಿಗೆ.

ಇಲ್ಲಿ ಮೊದಲ ಅವಕಾಶದಲ್ಲೇ ತಪ್ಪೊಪ್ಪಿಕೊಂಡರೆ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಕಡಿಮೆ. ಕ್ರೌನ್ ಕೋರ್ಟಿನ ಮೊದಲ ಹಿಯರಿಂಗ್‌ವರೆಗೆ ತಡ ಮಾಡಿದರೆ ಸಾಮಾನ್ಯವಾಗಿ ನಾಲ್ಕನೇ ಒಂದು ಭಾಗ. ವಿಚಾರಣೆಯ ದಿನ ಒಪ್ಪಿಕೊಂಡರೆ ಹತ್ತನೇ ಒಂದು ಭಾಗ ಅಷ್ಟೇ. ಅಂದರೆ ಗಡಿಯಾರ ಓಡುತ್ತಿರುತ್ತದೆ. ಹೆದರಿದ ಮನುಷ್ಯನೊಬ್ಬ ಎದುರು ಕೂತು, ನೀವೇ ಹೇಳಿ ಸಾರ್, ಏನು ಮಾಡಲಿ ಅಂತ ಕೇಳುತ್ತಾನೆ. ಆ ಉತ್ತರ ಕೊಡುವವರಿಗೆ ಉತ್ತರದಿಂದ ಲಾಭವೂ ಇರಬಾರದು, ನಷ್ಟವೂ ಇರಬಾರದು. ಬ್ಯಾರಿಸ್ಟರ್‌ಗೂ ಫೀಸಿನ ಆಸೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಸಂಬಳ ಕೊಡುವ ಯಜಮಾನ ಇಲ್ಲ. ತಿಂಗಳ ಕೊನೆಗೆ ಇಷ್ಟು ಕೇಸು ಮುಗಿಸಬೇಕು ಅನ್ನುವ ಒತ್ತಡ ಇಲ್ಲ. ಈ ಕೇಸನ್ನು ಹೋರಾಡಬೇಕು ಅಂತ ಸಾಲಿಸಿಟರ್ ಮುಖಕ್ಕೆ ಹೇಳುವುದಕ್ಕೆ ಅವರಿಗೆ ಭಯ ಇಲ್ಲ. ಒಂದೇ ಕಚೇರಿಯ ನೌಕರರಾದವರಿಗೆ ಹಾಗೆ ಹೇಳಲು ತುಂಬಾ ಧೈರ್ಯ ಬೇಕು. ಹೇಳುವವರೂ ಇದ್ದಾರೆ. ಆದರೆ ಬಡವನ ಜೈಲುವಾಸ ಇನ್ನೊಬ್ಬರ ಧೈರ್ಯದ ಮೇಲೆ ನಿಲ್ಲಬಾರದು.

ಇದರ ಜೊತೆಗೆ ಬ್ಯಾರಿಸ್ಟರ್‌ಗಳಿಗೆ ಒಂದು ಹಳೇ ನಿಯಮವಿದೆ, ಕ್ಯಾಬ್ ರ‍್ಯಾಂಕ್ ರೂಲ್. ಸ್ಟ್ಯಾಂಡಿನ ಟ್ಯಾಕ್ಸಿಯಂತೆ, ಸರದಿಯಲ್ಲಿ ಬಂದ ಕೇಸನ್ನು, ಅದು ತಮ್ಮ ವಿಭಾಗದ್ದಾಗಿದ್ದು, ಬಿಡುವಿದ್ದು, ಸರಿಯಾದ ಫೀಸು ಇದ್ದರೆ, ಈ ಮನುಷ್ಯ ನನಗೆ ಇಷ್ಟ ಇಲ್ಲ ಅಂತ ಬಿಡುವಂತಿಲ್ಲ. 1792ರಲ್ಲಿ, ರಾಜಪ್ರಭುತ್ವವನ್ನು ಟೀಕಿಸಿ ಬರೆದ ಥಾಮಸ್ ಪೇನ್ ಪರ ನಿಂತದ್ದಕ್ಕೆ ಬ್ಯಾರಿಸ್ಟರ್ ಥಾಮಸ್ ಅರ್ಸ್ಕಿನ್ ವೇಲ್ಸ್ ರಾಜಕುಮಾರನ ಬಳಿ ಇದ್ದ ಹುದ್ದೆ ಕಳೆದುಕೊಂಡರು. ಒತ್ತಡ ಬಂದರೂ ಅವರು ಕೇಸು ಬಿಟ್ಟಿರಲಿಲ್ಲ. ಸಾಲಿಸಿಟರ್‌ಗಳಿಗೆ ಈ ನಿಯಮ ಇಲ್ಲ.

ಈ ನಿಯಮದ ಬೆಲೆ ಏನು ಅಂತ ನಮ್ಮ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು ಬಿತ್ತು. ಅವರ ಪರ ಯಾರೂ ವಕಾಲತ್ತು ವಹಿಸಬಾರದು ಅಂತ ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಬೆಂಗಳೂರಿನಿಂದ ಜಾಮೀನು ಅರ್ಜಿ ಹಾಕಲು ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಅಂತ ಹೈಕೋರ್ಟ್ ಹೇಳಬೇಕಾಯಿತು. ಇಂಥ ನಿರ್ಣಯಗಳು ಸಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಊರೆಲ್ಲ ದ್ವೇಷಿಸುವ ಮನುಷ್ಯನ ಪಕ್ಕ ನಿಲ್ಲುವುದು ವಕೀಲರ ಕರ್ತವ್ಯವೇ ಹೊರತು ಉಪಕಾರ ಅಲ್ಲ. ಆ ಕರ್ತವ್ಯವನ್ನೇ ಕಸುಬಿನ ಬೆನ್ನೆಲುಬು ಮಾಡಿಕೊಂಡ ಒಂದು ಗುಂಪು ಕರಗುತ್ತಿದ್ದರೆ ಸುಮ್ನೆ ನೋಡುತ್ತಾ ಕೂರುವುದು ನನಗೆ ಆಗುವುದಿಲ್ಲ.

ಹಾಗಂತ ಇಬ್ಬರು ವಕೀಲರಿಲ್ಲದ ದೇಶದಲ್ಲಿ ನ್ಯಾಯವೇ ಇಲ್ಲ ಅಂತ ಅಲ್ಲ. ನಮ್ಮಲ್ಲಿ ಒಬ್ಬರೇ ವಕೀಲರು ಎಲ್ಲ ಮಾಡಿದರೂ ಹಿರಿಯ ವಕೀಲರ ಪದ್ಧತಿ ಇದೆ. ಸೀನಿಯರ್ ಅಡ್ವೊಕೇಟ್ ಅಂತ ಗೌರವ ಪಡೆದವರು ವಕಾಲತ್ತು ಹಾಕುವಂತಿಲ್ಲ, ಇನ್ನೊಬ್ಬ ವಕೀಲರೇ ಅವರಿಗೆ ಕೇಸು ತರಬೇಕು. ಅಂದರೆ ಹೊರಗಿನವರ ಕಣ್ಣು ಬೇಕು ಅನ್ನುವುದು ನಮಗೂ ಗೊತ್ತು. ಆದರೆ ನಮ್ಮಲ್ಲಿ ಅದು ದುಡ್ಡಿದ್ದವರಿಗೆ ಮಾತ್ರ ಸಿಗುತ್ತದೆ. ಹಾಸನದ ಸೆಷನ್ಸ್ ಕೋರ್ಟಿನಲ್ಲಿ ಕೂಲಿಯವನ ಮಗನಿಗೆ ಯಾವ ಸೀನಿಯರ್ ಬರುತ್ತಾರೆ? ಇಂಗ್ಲೆಂಡಿನ ಪದ್ಧತಿಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದು. ಬಸ್ ಕಾರ್ಡಿನ ಆ ಹುಡುಗನಿಗೂ ಒಬ್ಬ ಸ್ವತಂತ್ರ ವಕೀಲರು ಸರ್ಕಾರದ ಖರ್ಚಿನಲ್ಲಿ ಸಿಕ್ಕರು.

ಈಗ ಅದು ಎಲ್ಲಿಗೆ ಬಂದು ನಿಂತಿದೆ ಅಂದರೆ, ಕೇಸು ಇದೆ, ಜಡ್ಜ್ ಇದ್ದಾರೆ, ವಕೀಲರಿಲ್ಲ. 2019ರ ಕೊನೆಯಲ್ಲಿ ಕ್ರೌನ್ ಕೋರ್ಟಿನಲ್ಲಿ ಬಾಕಿ ಇದ್ದ ಕೇಸುಗಳು 40,000ಕ್ಕಿಂತ ಕಡಿಮೆ. ಕೋವಿಡ್ ಬಂತು, ಕೋರ್ಟುಗಳು ಮುಚ್ಚಿದವು. 2025ರಲ್ಲಿ ಬಾಕಿ 75,000 ದಾಟಿತು. ಅತ್ಯಾಚಾರದ ಕೇಸುಗಳಲ್ಲಿ ವಿಚಾರಣೆಯ ದಿನ ಒಂದಲ್ಲ ಒಂದು ಕಡೆಗೆ ಬ್ಯಾರಿಸ್ಟರ್ ಸಿಗದೆ ಮುಂದಕ್ಕೆ ಹೋದ ಪ್ರಸಂಗಗಳು ಈಗ ಅಪರೂಪ ಅಲ್ಲ. ಸಾಕ್ಷಿ ಹೇಳಲು ಧೈರ್ಯ ಮಾಡಿ ಬಂದ ಹೆಣ್ಣುಮಗಳು ಕಾರಿಡಾರಿನಲ್ಲಿ ಕೂತು ಅಳುತ್ತಾಳೆ. ಅದೇ ಕಾರಿಡಾರಿನ ಇನ್ನೊಂದು ತುದಿಯಲ್ಲಿ, ತೀರ್ಪಿಗಾಗಿ ವರ್ಷಗಳಿಂದ ಕಾಯುತ್ತಿರುವ ಆರೋಪಿ. ಅವನೂ ನಿರಪರಾಧಿ ಇರಬಹುದು. ಹತ್ತು ಹದಿನೈದು ವರ್ಷದ ಹಿಂದೆ ಸಣ್ಣ ಕೇಸು ಸಿಗದೆ ಕಸುಬು ಬಿಟ್ಟುಹೋದ ಹುಡುಗ ಹುಡುಗಿಯರು ಇವತ್ತು ಈ ಕೇಸುಗಳನ್ನು ನಡೆಸಬೇಕಾಗಿತ್ತು. ಇಂಥ ಕೇಸಿಗೆ ಬೇಕಾದ ಕೈ ರಾತ್ರೋರಾತ್ರಿ ತಯಾರಾಗುವುದಿಲ್ಲ.

ಬ್ಯಾರಿಸ್ಟರ್‌ಗಳ ಹಳೇ ಏಕಸ್ವಾಮ್ಯ ವಾಪಸ್ ಬರಲಿ ಅಂತ ನಾನು ಕೇಳುವುದಿಲ್ಲ. ನನಗೆ ಬೇಕಾದದ್ದು ಮೂರ್ನಾಲ್ಕು ಸಾದಾ ವಿಷಯ. ಕೇಸು ತಯಾರಿ ಮಾಡಿದ್ದಕ್ಕೇ ಸಾಲಿಸಿಟರ್ ಕಚೇರಿ ಬದುಕುವಷ್ಟು ಫೀಸು ಬರಲಿ. ಆಗ ವಾದದ ಫೀಸಿನ ಮೇಲೆ ಕೈ ಹಾಕುವ ಅನಿವಾರ್ಯ ಇರುವುದಿಲ್ಲ. ರಾತ್ರಿ ಓದಿದ ಕಡತಕ್ಕೆ, ಫ್ಲೋಟರ್ ಆಗಿ ಹಾಳಾದ ದಿನಕ್ಕೆ ತಕ್ಕಷ್ಟು ದುಡ್ಡು ಕೊಡಲಿ. ಕ್ರೌನ್ ಕೋರ್ಟಿನಲ್ಲಿ ನಿಲ್ಲುವವರು ಯಾವ ಹೆಸರಿನವರೇ ಆಗಲಿ, ತರಬೇತಿ ಒಂದೇ ಮಟ್ಟದ್ದಿರಲಿ. ಮತ್ತೆ, ನಿನ್ನ ಪರ ನಮ್ಮ ಕಚೇರಿಯವರೇ ವಾದಿಸಬಹುದು, ಇಲ್ಲಾ ಹೊರಗಿನ ಬ್ಯಾರಿಸ್ಟರ್ ಬರಬಹುದು, ಎರಡಕ್ಕೂ ನಿನಗೆ ಖರ್ಚಿನಲ್ಲಿ ವ್ಯತ್ಯಾಸ ಇಲ್ಲ ಅಂತ ಕಕ್ಷಿದಾರನಿಗೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲಿ. ನಮ್ಮ ಕಚೇರಿಯಲ್ಲಿ ಈ ಮಾತನ್ನು ಬರೆದೇ ಕೊಡುತ್ತೇವೆ. ಓದಲು ಬಾರದವರಿಗೆ ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. ಹೆಚ್ಚಿನವರು ಕೇಳಿದ ಮೇಲೆ, ಇಬ್ಬರಲ್ಲಿ ಯಾರು ನನ್ನ ಕೇಸನ್ನು ಚೆನ್ನಾಗಿ ಓದಿರುತ್ತಾರೆ ಅಂತ ನನ್ನನ್ನೇ ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ. ಅದಕ್ಕೆ ಪ್ರತಿ ಕೇಸಿನಲ್ಲೂ ಪ್ರಾಮಾಣಿಕವಾಗಿ ಉತ್ತರ ಕೊಡಬೇಕಾದರೆ, ಹೆಸರು ಹೇಳಲು ನನ್ನ ಹತ್ತಿರ ಒಬ್ಬರಿಗಿಂತ ಜಾಸ್ತಿ ಜನ ಇರಬೇಕು.